ಪಾಸ್ಟೆಲ್ ಚಿತ್ರಕ್ಕೆ ಸ್ಪ್ರೇ ಯಾಕೆ ಬೇಡ

‘ಪುಡಿ ಉದುರುತ್ತೆ ಅಂತೀರಿ, ಹಾಗಾದರೆ ಒಂದು ಸಲ ಸ್ಪ್ರೇ ಹೊಡೆದುಬಿಡಿ ಸಾರ್’ ಎಂದು ಚಿತ್ರ ಸಂರಕ್ಷಕರಾದ ನಮಗೆ ಹೇಳುವವರಿಗೆ ಲೆಕ್ಕವಿಲ್ಲ. ಪಾಸ್ಟೆಲ್ ಎಂದರೆ ಬಣ್ಣದ ಪುಡಿಯನ್ನು ಒತ್ತಿ ಮಾಡಿದ ಕಡ್ಡಿ; ಸ್ಪ್ರೇ ಎಂದರೆ ಆ ಪುಡಿಯನ್ನು ಹಿಡಿದಿಡಲು ಸಿಂಪಡಿಸುವ ರಾಳದ ದ್ರವ. ದಯವಿಟ್ಟು ಬೇಡ. ಕಾರಣ ತಿಳಿಯಲು 1879ರಲ್ಲಿ ಫ್ರೆಂಚ್ ಚಿತ್ರಕಾರ ಎದುವಾರ್ ಮಾನೆ ಪಾಸ್ಟೆಲ್‌ನಲ್ಲಿ ಬರೆದ ಕಾನ್‌ಸ್ಟಾಂಟಿನ್ ಗೀಸ್‌ ಭಾವಚಿತ್ರವನ್ನು ನೋಡಿ. ಫ್ರೆಂಚ್ ಕವಿ ಬೋದಿಲೇರ್ 1863ರ ಪ್ರಬಂಧದಲ್ಲಿ ಪೂರ್ತಿ ಹೆಸರೆತ್ತದೆ ‘ಎಂ.ಜಿ.’ ಎಂದಷ್ಟೇ ಕರೆದು ಕೊಂಡಾಡಿದ ಚಿತ್ರಕಾರ ಈ ಗೀಸ್‌ನೇ. ಚಿತ್ರವಿರುವುದು ಅಮೆರಿಕದ ಶೆಲ್ಬರ್ನ್ ಮ್ಯೂಸಿಯಂನಲ್ಲಿ. ಆಗಲೇ ಮಾನೆಯ ಆರೋಗ್ಯ ಕೆಡತೊಡಗಿತ್ತು, 1883ರಲ್ಲಿ ತೀರಿಕೊಂಡ. ಒಣಗಲು ಕಾಯಬೇಕಿಲ್ಲದ ಪಾಸ್ಟೆಲ್ ಅವನ ಕೊನೆಯ ವರ್ಷಗಳಿಗೆ ಒಗ್ಗಿತು.

ಚಿತ್ರದಲ್ಲಿರುವ ಮುದುಕ ಗೀಸ್‌ನ ನರೆತ ಗಡ್ಡ ಬೆಳ್ಳಗೆ ಕಾಣುವುದಕ್ಕೆ ಸೀಮೆಸುಣ್ಣದ ಕಣದಷ್ಟೇ ಕಣಗಳ ನಡುವಿನ ಗಾಳಿಯೂ ಕಾರಣ. ಪಾಸ್ಟೆಲ್ ಕಡ್ಡಿಯಲ್ಲಿ ಅಂಟು ನಾಮಮಾತ್ರ. ಗಾಳಿಯ ವಕ್ರೀಭವನ ಸೂಚ್ಯಂಕ (ವಸ್ತುವಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬ ಅಳತೆ) 1, ಸೀಮೆಸುಣ್ಣದ್ದು ಸುಮಾರು 1.6. ಈ ಅಂತರ ಇರುವುದರಿಂದಲೇ ಬೆಳಕು ಚದುರಿ ಬಿಳುಪು ಕಾಣುತ್ತದೆ. ಸ್ಪ್ರೇಯ ರಾಳದ್ದು ಸುಮಾರು 1.5. ಅದು ಗಾಳಿಯ ಜಾಗ ತುಂಬಿದರೆ ಅಂತರ ಹೋಯಿತು, ಬೆಳಕು ಚದುರದೆ ಒಳಗಿಳಿಯುತ್ತದೆ, ಬಿಳಿ ಬೂದುಬಣ್ಣಕ್ಕೆ ತಿರುಗುತ್ತದೆ. ಒದ್ದೆಯಾದ ರಂಗೋಲಿ ಮಂಕಾಗುವುದಿಲ್ಲವೇ, ಹಾಗೆ. ರಂಗೋಲಿ ಒಣಗಿದರೆ ಬಿಳುಪು ಮರಳುತ್ತದೆ, ರಾಳ ಮಾತ್ರ ಅಲ್ಲೇ ಕೂರುತ್ತದೆ. ‘ತೆಳುವಾಗಿ ಹೊಡೆದರೆ?’ ತೆಳುವಾದರೆ ಪುಡಿ ಹಿಡಿಯದು, ಹಿಡಿಯುವಷ್ಟು ಹೊಡೆದರೆ ಬಣ್ಣ ಇಳಿಯುತ್ತದೆ.

‘ಫ್ರೆಂಚ್ ಚಿತ್ರಕಾರ ದೆಗಾ ಸ್ಪ್ರೇ ಬಳಸುತ್ತಿದ್ದನಲ್ಲ?’ ಎಂದು ಓದಿಕೊಂಡವರು ಕೇಳುತ್ತಾರೆ. ಹೌದು, ಆದರೆ ಪದರಗಳ ನಡುವೆ. ಮಂಕಾದದ್ದರ ಮೇಲೆ ಮತ್ತೆ ಬಣ್ಣ ಹಚ್ಚಲು ಅವನ ಕೈ ಇತ್ತು. ಮುಗಿದ ಚಿತ್ರದ ಮೇಲೆ ನಮ್ಮ ನಿಮ್ಮ ಕೈಗೆ ಆ ಹಕ್ಕಿಲ್ಲ.

ಪಾಸ್ಟೆಲ್‌ಗೆ ರಕ್ಷಣೆ ಚೌಕಟ್ಟೇ. ಗಾಜು ಚಿತ್ರಕ್ಕೆ ತಾಗದಂತೆ ಕನಿಷ್ಠ 6 ಮಿ.ಮೀ. ಅಂತರ ಬಿಡಿ. ಗಾಜಿನ ಬದಲು ಸಾದಾ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಬೇಡ, ಒರೆಸಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಕ್ಯಾನ್ವಾಸ್ ಮೇಲಿನ ಪಾಸ್ಟೆಲ್ ಆದರೆ ಹಿಂದೆ ಗಟ್ಟಿ ಹಲಗೆ ಕೊಡಿ, ಬಟ್ಟೆ ನಡುಗಿದಷ್ಟೂ ಪುಡಿ ಸಡಿಲ. ಸಾಗಿಸುವಾಗ ಮುಖ ಮೇಲಾಗಿ ಮಲಗಿಸಿ. ತೇವಾಂಶ ಶೇ. 65 ದಾಟಿದರೆ ಬೂಸ್ಟು ಬರಬಹುದು. ಬಂದರೆ ಊದಬೇಡಿ, ಬ್ರಷ್ ಮುಟ್ಟಿಸಬೇಡಿ, ಚೌಕಟ್ಟು ಬಿಚ್ಚದೆ ಹಾಗೇ ಸಂರಕ್ಷಕರ ಬಳಿ ತನ್ನಿ.

ಈಗಾಗಲೇ ಸ್ಪ್ರೇ ಹೊಡೆಸಿದ್ದರೆ? ರಾಳ ಕರಗಿಸುವ ದ್ರಾವಕ ಹಾಕಿದರೆ ಜತೆಗೆ ಬಣ್ಣದ ಪುಡಿಯೂ ಸರಿದುಹೋಗುವ ಸಂಭವ ಹೆಚ್ಚು. ಸಾಮಾನ್ಯವಾಗಿ ನಾವು ಅದನ್ನು ತೆಗೆಯುವ ಗೋಜಿಗೇ ಹೋಗುವುದಿಲ್ಲ.