ಮೀಥೇನಿನಿಂದ ಬೆಂಜೀನ್: ಮಸಿ ಬಿಡದ ಮೂವತ್ತು ವರ್ಷ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಟ್ಟಿಗೆ ಪಕ್ಕದ ಗುಂಡಿಯಿಂದ ಒಲೆಗೆ ಬರುವ ಗೋಬರ್ ಗ್ಯಾಸಿನಲ್ಲಿ ಶೇ 55ರಿಂದ 65ರಷ್ಟು ಮೀಥೇನ್ ಇರುತ್ತದೆ. ನೈಲಾನ್, ಥರ್ಮೋಕೋಲ್, ಬಣ್ಣಗಳಿಗೆ ಬೇಕಾದ, ಆರು ಇಂಗಾಲದ ಉಂಗುರವಾದ ಬೆಂಜೀನ್ ಮಾತ್ರ ಇವತ್ತಿಗೂ ಬಹುಪಾಲು ಪೆಟ್ರೋಲಿಯಂನಿಂದಲೇ ಬರುತ್ತಿದೆ. ಮೀಥೇನನ್ನು ನೇರವಾಗಿ ಬೆಂಜೀನ್ ಮಾಡಬಹುದೆಂದು 1993ರಲ್ಲಿ ತೋರಿಸಿದವರು ಚೀನಾದ ಡಾಲಿಯನ್ ರಾಸಾಯನಿಕ ಭೌತವಿಜ್ಞಾನ ಸಂಸ್ಥೆಯವರು. ಮಾಲಿಬ್ಡಿನಂ ಎಂಬ ಲೋಹ ಸೇರಿಸಿದ ಝಡ್‌ಎಸ್‌ಎಂ-5 ಜಿಯೊಲೈಟ್ (ಸಿಲಿಕಾನ್, ಅಲ್ಯುಮಿನಿಯಂ ಇರುವ, ಸೂಕ್ಷ್ಮ ರಂಧ್ರಗಳ ಹರಳು) ಮೇಲೆ, ಆಮ್ಲಜನಕ ಸೋಕಿಸದೆ, 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವರು ಮೀಥೇನ್ ಹಾಯಿಸಿದರು. ಈ ಜಿಯೊಲೈಟಿಗೆ ಮೊಬಿಲ್ ಕಂಪನಿ 1972ರಲ್ಲೇ ಪೇಟೆಂಟ್ ಪಡೆದಿತ್ತು. ಇದರ ರಂಧ್ರದ ಅಗಲ ಸುಮಾರು 0.55 ನ್ಯಾನೊಮೀಟರ್. ಬೆಂಜೀನ್ ಅಣು ನುಸುಳಲು ಸರಿಯಾಗಿ ಅಷ್ಟೇ ಜಾಗ.

ಆರು ಮೀಥೇನ್ ಅಣು ಸೇರಿ ಒಂದು ಬೆಂಜೀನ್, ಒಂಬತ್ತು ಹೈಡ್ರೋಜನ್ ಆಗುತ್ತವೆ. ಆದರೆ 700 ಡಿಗ್ರಿಯಲ್ಲಿ ಸಮತೋಲನದ (ಮುಂದಿನ, ಹಿಂದಿನ ಕ್ರಿಯೆಗಳು ಸರಿದೂಗುವ) ಮಿತಿಯೇ ಮೀಥೇನಿನ ಸುಮಾರು ಶೇ 12. ವೇಗವರ್ಧಕ, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ಆ ಮಾಲಿಬ್ಡಿನಂ-ಜಿಯೊಲೈಟ್, ಎಷ್ಟೇ ಚೆನ್ನಾಗಿದ್ದರೂ ಅದಕ್ಕಿಂತ ಮುಂದೆ ಹೋಗದು. ಶೇ 10 ಪರಿವರ್ತನೆಯಾಗಿ ಅದರಲ್ಲಿ ಶೇ 60 ಬೆಂಜೀನ್ ಆಯಿತು ಎಂದುಕೊಳ್ಳೋಣ: ಒಂದು ಘನ ಮೀಟರ್ ಮೀಥೇನಿನಿಂದ ಒಂದೇ ಸುತ್ತಿನಲ್ಲಿ ಸಿಗುವುದು 35 ಗ್ರಾಂ ಆಸುಪಾಸು. ಅಷ್ಟು ಮೀಥೇನಿಗೆ ನಾಲ್ಕು ಹಸುಗಳ ಒಂದು ದಿನದ ಸಗಣಿ, ಅಂದರೆ ಸುಮಾರು 40 ಕೆ.ಜಿ. ಬೇಕು.

ವೇಗವರ್ಧಕದ ತಯಾರಿ ಕಷ್ಟವಲ್ಲ. ಅಮೋನಿಯಂ ಹೆಪ್ಟಾಮಾಲಿಬ್ಡೇಟ್ ದ್ರಾವಣವನ್ನು ಜಿಯೊಲೈಟ್ ಪುಡಿ ಹೀರುವಷ್ಟೇ ಹಾಕಬೇಕು. ಮಾಲಿಬ್ಡಿನಂ ತೂಕದಲ್ಲಿ ಶೇ 2ರಿಂದ 6 ಇರಲಿ. 110-120 ಡಿಗ್ರಿಯಲ್ಲಿ ಒಣಗಿಸಿ, 500ರಲ್ಲಿ ಗಾಳಿಯಲ್ಲಿ ಸುಡಬೇಕು. ಎಡವುವುದು ಇಲ್ಲೇ. ಉಷ್ಣ ಅತಿಯಾದರೆ ಮಾಲಿಬ್ಡಿನಂ ಆಕ್ಸೈಡ್ ಜಿಯೊಲೈಟಿನ ಅಲ್ಯುಮಿನಿಯಂ ಕಿತ್ತುಕೊಂಡು ಅಲ್ಯುಮಿನಿಯಂ ಮಾಲಿಬ್ಡೇಟ್ ಆಗುತ್ತದೆ. ಒಮ್ಮೆ ಕುಸಿದ ಚೌಕಟ್ಟು ಮತ್ತೆ ನಿಲ್ಲದು.

ಮೀಥೇನ್ ಬಿಟ್ಟ ಕೂಡಲೇ ಬೆಂಜೀನ್ ಬರುವುದಿಲ್ಲ. ಮಾಲಿಬ್ಡಿನಂ ಆಕ್ಸೈಡ್ ಮೊದಲು ಕಾರ್ಬೈಡ್ (ಇಂಗಾಲದೊಡನೆ ಸೇರಿದ ರೂಪ) ಆಗಬೇಕು. ಆಮೇಲೆ ಕಾರ್ಬೈಡ್ ಮೀಥೇನನ್ನು ಒಡೆಯುತ್ತದೆ, ಜಿಯೊಲೈಟಿನ ಆಮ್ಲೀಯ ತಾಣಗಳು ತುಣುಕುಗಳನ್ನು ಉಂಗುರವಾಗಿ ಜೋಡಿಸುತ್ತವೆ ಎಂಬುದು ಬಹುಕಾಲದ ವಿವರಣೆ. ಉಂಗುರ ಅಲ್ಲಿಗೇ ನಿಲ್ಲದೆ ನ್ಯಾಫ್ತಲೀನ್, ಕೊನೆಗೆ ಮಸಿಯಾಗಿ ರಂಧ್ರದ ಬಾಯಿ ಮುಚ್ಚುತ್ತದೆ. ಕೆಲವೇ ಗಂಟೆಗಳಲ್ಲಿ ಇಳುವರಿ ಬೀಳುತ್ತದೆ. ಗಾಳಿ ಊದಿ ಮಸಿ ಸುಡಬಹುದು, ಆದರೆ ಕಾರ್ಬೈಡೂ ಆಕ್ಸೈಡಾಗಿ ಹಿಂತಿರುಗಿ, ಅಲ್ಯುಮಿನಿಯಂ ಕೀಳುವ ಅದೇ ಹಳೆಯ ಹಾನಿ. ನನ್ನ ಮಟ್ಟಿಗೆ ಈ ವಿಷಯದ ನಿಜವಾದ ಗಂಟು ಇದೇ, ಬೆಂಜೀನ್ ಮಾಡುವುದಲ್ಲ.

2016ರಲ್ಲಿ ನಾರ್ವೆ-ಸ್ಪೇನ್ ತಂಡವೊಂದು ಸೆರಾಮಿಕ್ ಪೊರೆಯಿಂದ ಹೈಡ್ರೋಜನ್ ಹೊರಗೆಳೆದು, ಆಮ್ಲಜನಕವನ್ನು ಅಳೆದು ಒಳಬಿಟ್ಟಿತು. ಹೈಡ್ರೋಜನ್ ತೆಗೆದು ಸಮತೋಲನದ ಮಿತಿಗೆ, ಆಮ್ಲಜನಕ ಬಿಟ್ಟು ಮಸಿಗೆ, ಎರಡಕ್ಕೂ ಒಟ್ಟಿಗೇ ಕೈಹಾಕಿದ ಕೆಲಸವದು.

ಗೋಬರ್ ಗ್ಯಾಸನ್ನು ಹಾಗೇ ಬಿಡುವಂತಿಲ್ಲ. ಅದರ ಹೈಡ್ರೋಜನ್ ಸಲ್ಫೈಡ್ ಮಾಲಿಬ್ಡಿನಂಗೆ ಅಂಟಿಕೊಳ್ಳುತ್ತದೆ. ತುಕ್ಕು ಹಿಡಿದ ಕಬ್ಬಿಣದ ಚೂರಿನ ಮೂಲಕ ಹಾಯಿಸಿ ಮೊದಲು ಅದನ್ನು ತೆಗೆಯಬೇಕು. ಇಂಗಾಲದ ಡೈಆಕ್ಸೈಡ್ ಶೇ 1-2 ಇದ್ದರೆ ಮಸಿ ಕಡಿಮೆಯಾಗಿ ಒಳ್ಳೆಯದೇ. ಗುಂಡಿಯ ಅನಿಲದಲ್ಲಿ ಅದು ಶೇ 35-40 ಇರುತ್ತದೆ. ಹಾಗೇ ಹಾಯಿಸಿದರೆ ಕಾರ್ಬೈಡ್ ಉಳಿಯುವುದಿಲ್ಲ, ಬೆಂಜೀನ್ ಬದಲು ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ.