ಕುರ್ಚಿಯಿಂದ ಐದು ಸಲ ಎದ್ದರೆ ಗೊತ್ತಾಗುತ್ತದೆ

"ವಯಸ್ಸಾಯ್ತಲ್ರೀ, ಇನ್ನ ಶಕ್ತಿ ಎಲ್ಲಿರ್ತದ?" ಕಲಬುರಗಿ ಕಡೆ ಈ ಮಾತು ಕೇಳದ ಮನೆ ಇಲ್ಲ. ನೆಲದ ಮೇಲೆ ಕೂತು ಉಣ್ಣುತ್ತಿದ್ದ ಆಯಿ ತಾಟನ್ನು ಹೊರಸಿಗೇ ತರಿಸಿಕೊಳ್ಳಲು ಶುರು ಮಾಡುತ್ತಾರೆ. ಮುತ್ಯಾ ಸಂಜೆ ಗುಡಿಕಟ್ಟೆಗೆ ಹೋಗುವುದು ನಿಲ್ಲುತ್ತದೆ. ಮನೆಯವರೂ ಪ್ರೀತಿಯಿಂದಲೇ "ನೀ ಕೂಡು, ನಾವ್ ಮಾಡ್ತೀವಿ" ಅನ್ನುತ್ತಾರೆ. ಬಿಪಿ, ಶುಗರ್ ತಪ್ಪದೆ ಚೆಕ್ ಮಾಡಿಸುವ ನಾವು ಕಾಲಿನ ಬಲವನ್ನು ಮಾತ್ರ ಯಾಕೆ ನೋಡುವುದಿಲ್ಲ?

ವಯಸ್ಸಾದಂತೆ ಮಾಂಸಖಂಡ ಸವೆದು ಬಲ ಕುಗ್ಗುವುದಕ್ಕೆ ವೈದ್ಯರು ಸಾರ್ಕೊಪೀನಿಯಾ ಎನ್ನುತ್ತಾರೆ. ಮಾಂಸಖಂಡಕ್ಕೆ ಆಜ್ಞೆ ಕಳಿಸುವ ನರಕೋಶಗಳು ಬೆನ್ನುಹುರಿಯಲ್ಲಿ ಒಂದೊಂದಾಗಿ ಕಡಿಮೆಯಾಗುತ್ತವೆ. ಅವುಗಳನ್ನು ನಂಬಿದ್ದ ಮಾಂಸಖಂಡದ ಎಳೆಗಳೂ ಸೊರಗುತ್ತವೆ. ಹೆಚ್ಚು ಪೆಟ್ಟು ಬೀಳುವುದು ಚುರುಕಾಗಿ ಕೆಲಸ ಮಾಡುವ ಎಳೆಗಳಿಗೆ. ಎಡವಿದಾಗ ತಟ್ಟನೆ ಕಾಲೂರಿ ಬೀಳದಂತೆ ತಡೆಯುವುದು ಇವೇ ಅಲ್ವಾ? ಕರಗಿದ ಜಾಗದಲ್ಲಿ ಕೊಬ್ಬು ಕೂತುಬಿಟ್ಟರೆ ತೂಕದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಹಾಗಾಗಿ ತೂಕದ ಮಷಿನ್ ನಂಬಿ ಕೂರುವಂತಿಲ್ಲ.

ಬದಲಿಗೆ ಒಂದು ಗಟ್ಟಿ ಕುರ್ಚಿ ಸಾಕು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡ. ಗೋಡೆಗೆ ಒತ್ತಿಸಿ ಇಡಿ. ಹಿರಿಯರು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕೂರಲಿ. ಮೊಬೈಲಿನಲ್ಲಿ ಸಮಯ ನೋಡುತ್ತಾ "ಹ್ಞೂಂ, ಏಳ್ರಿ" ಅನ್ನಿ. ಪೂರ್ತಿ ನೆಟ್ಟಗೆ ನಿಲ್ಲಬೇಕು, ಪೂರ್ತಿ ಕೂರಬೇಕು. ಐದನೇ ಸಲ ಎದ್ದು ನಿಂತಾಗ ಎಷ್ಟು ಸೆಕೆಂಡ್ ಆಯಿತು ನೋಡಿ. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಲೆಕ್ಕದಲ್ಲಿ, 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಡಾಕ್ಟರಿಗೆ ತೋರಿಸಬೇಕು. ಸೆಕೆಂಡಿನ ಜೊತೆಗೆ ಮೈಯನ್ನೂ ಗಮನಿಸಿ. ಮೂರನೇ ಸಲಕ್ಕೇ ಕೈ ಎದೆಯಿಂದ ಜಾರಿ ತೊಡೆ ಒತ್ತಲು ಹೋಗುತ್ತದಾ? ಏಳುವ ಮೊದಲು ಮುಂದಕ್ಕೆ ತೂಗಾಡಿ ವೇಗ ತೆಗೆದುಕೊಳ್ಳುತ್ತಾರಾ? ಬೀಳುವ ಭಯ ಇದ್ದವರ ಪಕ್ಕ ಒಬ್ಬರು ನಿಲ್ಲಲೇಬೇಕು.

ದರ್ಜಿಯ ಟೇಪಿನಿಂದ ಮೀನಖಂಡದ ದಪ್ಪ ಜಾಗವನ್ನೂ ಅಳೆಯಬಹುದು. ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅನುಮಾನ ಪಡಬೇಕು. ಆದರೆ ಕಾಲು ಬಾತಿದ್ದರೆ ಈ ಅಳತೆಗೆ ಬೆಲೆ ಇಲ್ಲ. ಸಾರ್ಕ್-ಎಫ್ ಎಂಬ ಐದು ಪ್ರಶ್ನೆಗಳ ಪಟ್ಟಿಯೂ ಇದೆ. ಭಾರ ಎತ್ತುವುದು, ನಡೆಯುವುದು, ಕುರ್ಚಿಯಿಂದ ಏಳುವುದು, ಹತ್ತು ಮೆಟ್ಟಿಲು ಹತ್ತುವುದು, ಕಳೆದ ವರ್ಷ ಬಿದ್ದದ್ದು, ಇವುಗಳ ಬಗ್ಗೆ ಕೇಳುತ್ತದೆ. ಒಟ್ಟು 10ರಲ್ಲಿ 4 ಅಂಕ ದಾಟಿದರೆ ಅಥವಾ ಮುಟ್ಟಿದರೆ ಮುಂದಿನ ತಪಾಸಣೆ. ಆದರೆ ಇದರ ಕಣ್ಣು ತಪ್ಪಿಸಿಕೊಳ್ಳುವವರು ಬಹಳ. ಮೆಟ್ಟಿಲೇ ಇಲ್ಲದ ಮನೆಯಲ್ಲಿರುವ ಆಯಿ "ಹತ್ತತೀನಪ್ಪಾ" ಅಂದುಬಿಟ್ಟರೆ? ನನ್ನ ಮಟ್ಟಿಗೆ ಕುರ್ಚಿಯೇ ಮೇಲು.

ಹೆಚ್ಚು ಸಮಯ ಹಿಡಿದರೆ ಸಾರ್ಕೊಪೀನಿಯಾ ಅಂತಲೇ ಅಲ್ಲ. ಮೊಣಕಾಲು ಸವೆತ, ಥೈರಾಯ್ಡ್, ವಿಟಮಿನ್ ಡಿ ಕೊರತೆ ಕೂಡ ಕಾರಣ ಇರಬಹುದು. ಅದನ್ನು ಡಾಕ್ಟರು ವಿಂಗಡಿಸಬೇಕು.

ಕಳೆದುಕೊಂಡ ಬಲ ವಾಪಸ್ ಬರುತ್ತದಾ? ಬರುತ್ತದೆ. ಅಮೆರಿಕದ ಒಂದು ಆರೈಕೆ ಮನೆಯಲ್ಲಿ ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ತರಬೇತಿ ಪೂರ್ತಿ ಮಾಡಿದ ಒಂಬತ್ತು ಜನರ ಬಲ ಸರಾಸರಿ 174% ಏರಿತ್ತು. ಇದು 1990ರಲ್ಲೇ ಪ್ರಕಟವಾದ ವಿಷಯ! ಉಲ್ಟಾ ಕಡೆ ನೋಡಿ: 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರು ಹತ್ತು ದಿನ ಸುಮ್ನೆ ಹಾಸಿಗೆಯಲ್ಲಿದ್ದರು. ಅಷ್ಟಕ್ಕೇ ಕಾಲುಗಳಿಂದ ಹತ್ತಿರ ಹತ್ತಿರ ಒಂದು ಕಿಲೋ ಮಾಂಸಖಂಡ ಹೋಗಿತ್ತು. "ನೀ ಕೂಡು" ಅನ್ನುವ ಮುನ್ನ ಇದನ್ನು ನೆನೆಯಬೇಕು. ಆಸ್ಪತ್ರೆಯಿಂದ ಮನೆಗೆ ಬಂದವರಿಗಂತೂ ಈ ಪರೀಕ್ಷೆ ಮಾಡಲೇಬೇಕು.

ವ್ಯಾಯಾಮದ ಜೊತೆ ಪ್ರೋಟೀನೂ ಬೇಕು. ಹಿರಿಯರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆನ್ನುತ್ತಾರೆ ತಜ್ಞರು. ಅಂದರೆ 50 ಕಿಲೋ ತೂಗುವ ಆಯಿಗೆ 50ರಿಂದ 60 ಗ್ರಾಂ. ಕಲಬುರಗಿಯನ್ನು ತೊಗರಿ ಕಣಜ ಎನ್ನುತ್ತೇವೆ, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ಬೆಳೆ ಎಂಬ ಸರ್ಕಾರಿ ಗುರುತು) ಕೂಡ ಬಂತು. ಆದರೂ ಹಲ್ಲಿಲ್ಲದ ಹಿರಿಯರ ತಾಟಿಗೆ ಬೀಳುವುದು ರೊಟ್ಟಿ ನೆನೆಸಲು ತಿಳಿ ಸಾರು. 30 ಗ್ರಾಂ ಬ್ಯಾಳಿಯಲ್ಲಿ ಆರೇಳು ಗ್ರಾಂ ಪ್ರೋಟೀನ್ ಇದೆ, ಆದರೆ ಅದು ಪಾತ್ರೆಯ ತಳದಲ್ಲಿ ಉಳಿಯುತ್ತದೆ. ಗಟ್ಟಿ ಬ್ಯಾಳಿ ಬಡಿಸಿ. ಮೊಸರು, ಶೇಂಗಾ ಹಿಂಡಿ, ತಿನ್ನುವವರಾದರೆ ಮೊಟ್ಟೆ ಕೊಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಮೊದಲು ಡಾಕ್ಟರನ್ನು ಕೇಳಲಿ.