ಮಳೆಗೂ ಮೊದಲೇ ಒಡೆದ ರಸ್ತೆ

ಜೋರು ಮಳೆಯ ಮರುದಿನ ಬೆಂಗಳೂರಿನಲ್ಲಿ ಗುಂಡಿಗಳು ಬಾಯಿ ತೆರೆಯುತ್ತವೆ, ದೂರೆಲ್ಲ ಮಳೆಯ ಮೇಲೆ ಹೋಗುತ್ತದೆ. ಮಳೆಯದು ಕೊನೆಯ ಏಟು ಮಾತ್ರ. ಭಾರದ ಚಕ್ರಗಳು ಆ ಡಾಂಬರನ್ನು ತಿಂಗಳುಗಟ್ಟಲೆ ತುಳಿದು ಒಳಗಿನಿಂದ ಸೀಳಿರುತ್ತವೆ.

ಚಕ್ರಕ್ಕೂ ರಸ್ತೆಗೂ ಇರುವ ಜಗಳ ಹಳೆಯದು. ಕಬ್ಬಿಣದ ಪಟ್ಟಿ ಹೊಡೆದ ಎತ್ತಿನ ಗಾಡಿಗಳು ಜಲ್ಲಿ ರಸ್ತೆಗಳನ್ನು ಅರೆಯುತ್ತಿದ್ದವು. ಮೋಟಾರು ವಾಹನಗಳು ಹೆಚ್ಚಿದಾಗ, 1927ರಲ್ಲಿ, ದೇಶದ ರಸ್ತೆಗಳ ಬಗ್ಗೆ ವಿಚಾರಿಸಲು ಜಯಕರ್ ಸಮಿತಿ ನೇಮಕವಾಯಿತು. 1934ರಲ್ಲಿ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸ್ಥಾಪನೆಯಾಯಿತು. ಆದರೆ ಎಷ್ಟು ಭಾರಕ್ಕೆ ಎಷ್ಟು ಹಾನಿ ಎಂಬ ಲೆಕ್ಕ ಸಿಕ್ಕಿದ್ದು 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ಪರೀಕ್ಷೆಯಲ್ಲಿ. ಅದಕ್ಕೆಂದೇ ಕಟ್ಟಿದ ರಸ್ತೆಗಳ ಮೇಲೆ ಸೈನಿಕರು ಎರಡು ವರ್ಷ ಲಾರಿಗಳನ್ನು ಸುತ್ತಿಸಿದರು.

ಅಲ್ಲಿ ಹೊರಬಿದ್ದ ಸೂತ್ರ ನನ್ನನ್ನು ಇಂದಿಗೂ ಬೆಚ್ಚಿಸುತ್ತದೆ. ಹಾನಿಯು ಅಚ್ಚಿನ, ಅಂದರೆ ಎರಡು ಬದಿಯ ಚಕ್ರಗಳನ್ನು ಜೋಡಿಸುವ ದಂಡದ, ಮೇಲಿನ ಭಾರದ ನಾಲ್ಕನೆಯ ಘಾತದಷ್ಟು ಏರುತ್ತದೆ: ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಸಣ್ಣ ಕಾರಿನ ಒಂದು ಅಚ್ಚಿನ ಮೇಲೆ ಸುಮಾರು 0.6 ಟನ್ ಇದ್ದರೆ, 10.2 ಟನ್ ಹೊತ್ತ ಲಾರಿಯ ಅಚ್ಚು ಒಮ್ಮೆ ಹಾದುಹೋದಾಗ ಅಂಥ ಕಾರಿನ ಅಚ್ಚು 83 ಸಾವಿರ ಸಲ ಹಾದಷ್ಟು ಪೆಟ್ಟು. ಇದು ಸ್ಥೂಲ ಲೆಕ್ಕ, ರಸ್ತೆಯಿಂದ ರಸ್ತೆಗೆ ಬದಲಾಗುತ್ತದೆ. ಆದರೂ ಸ್ಕೂಟರಿನವರು ಬಿದ್ದು ಕೈಕಾಲು ಮುರಿದುಕೊಳ್ಳುವ ಗುಂಡಿಯಲ್ಲಿ ಅವರ ಪಾಲು ಶೂನ್ಯಕ್ಕೆ ಸಮ ಎಂಬುದನ್ನು ತಿಳಿಯಲು ಇಷ್ಟು ಸಾಕು.

ಆ 10.2 ಟನ್ ನಮ್ಮ ದೇಶದಲ್ಲಿ ನಾಲ್ಕು ಟೈರುಗಳ ಒಂಟಿ ಅಚ್ಚಿಗೆ ಇದ್ದ ಮಿತಿ. 2018ರಲ್ಲಿ ಅದನ್ನು 11.5 ಟನ್‌ಗೆ ಏರಿಸಲಾಯಿತು. ಹೆಚ್ಚಿದ ಭಾರ ಶೇ 13ರ ಆಸುಪಾಸು, ಅದೇ ಸೂತ್ರದಂತೆ ಹಾನಿ ಶೇ 60ಕ್ಕೂ ಹೆಚ್ಚು. ಆದೇಶ ಹೊರಟಿತೆಂದು ಹಳೆಯ ರಸ್ತೆಗಳು ದಪ್ಪವಾಗಲಿಲ್ಲ.

ಬೆಂಗಳೂರಿನಲ್ಲಿ ಈ ಕಥೆ ಹೆದ್ದಾರಿಗಿಂತ ಹೆಚ್ಚಾಗಿ ಗಲ್ಲಿಗಳದ್ದು. 2007ರಲ್ಲಿ 110 ಹಳ್ಳಿಗಳು ನಗರಕ್ಕೆ ಸೇರಿದವು. ಬಡಾವಣೆಗಳು ಬೆಳೆದವು, ಕಾವೇರಿ ನೀರು ಬರಲಿಲ್ಲ, ಕೊಳವೆಬಾವಿಗಳು ಬತ್ತಿದವು. ಹನ್ನೆರಡು ಸಾವಿರ ಲೀಟರ್ ಟ್ಯಾಂಕರಿನಲ್ಲಿ ನೀರೇ ಹನ್ನೆರಡು ಟನ್. ಅದರ ಬೆನ್ನಿಗೆ ಎಂ-ಸ್ಯಾಂಡ್ ತುಂಬಿದ ಟಿಪ್ಪರ್, ಕಾಂಕ್ರೀಟ್ ಲಾರಿ. ಕಾರು, ಸ್ಕೂಟರಿಗೆಂದು ತೆಳುವಾಗಿ ಹಾಸಿದ ಡಾಂಬರು ಪ್ರತಿ ಚಕ್ರದಡಿ ಕೂದಲೆಳೆಯಷ್ಟು ಬಾಗುತ್ತದೆ, ತಳದಲ್ಲಿ ಹಿಗ್ಗುತ್ತದೆ, ಕೊನೆಗೆ ಸೀಳುತ್ತದೆ. ಸೀಳು ಮೇಲೆ ಬಂದಾಗ ಮೊಸಳೆಯ ಚರ್ಮದಂತೆ ಕಾಣುತ್ತದೆ. ಗುಂಡಿ ತಡೆಯಲು ಅದೇ ಸರಿಯಾದ ಹೊತ್ತು, ಆದರೆ ಆಗ ಯಾರೂ ಬರುವುದಿಲ್ಲ. ಚರಂಡಿ ಕಟ್ಟಿಕೊಂಡು ನಿಂತ ನೀರು ಆ ಸೀಳಿನಲ್ಲಿ ಇಳಿಯುತ್ತದೆ. ಮುಂದಿನ ಟ್ಯಾಂಕರಿನ ಚಕ್ರ ಅದನ್ನು ಒತ್ತಿದಾಗ ಜಲ್ಲಿಯ ನಡುವಿನ ಮಣ್ಣು ನೀರಿನೊಡನೆ ಚಿಮ್ಮಿ ಹೊರಬರುತ್ತದೆ. ಒಳಗೆ ಟೊಳ್ಳು, ಮೇಲಿನ ಪದರ ಕುಸಿಯುತ್ತದೆ.

ಮುಖ್ಯರಸ್ತೆಗಳಿಗೆ ವೈಟ್ ಟಾಪಿಂಗ್, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟಿನ ಹಾಸು, ಬಂದಿದೆ; ಕಾಂಕ್ರೀಟು ಭಾರವನ್ನು ಅಗಲಕ್ಕೆ ಹಂಚುತ್ತದೆ. 110 ಹಳ್ಳಿಗಳಿಗೆಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಗುಂಡಿಯ ಮಾತು ಬಂದಾಗ ಈ ಯೋಜನೆಯನ್ನು ಯಾರೂ ನೆನೆಯುವುದಿಲ್ಲ. ನಲ್ಲಿಯಲ್ಲಿ ನೀರು ಬಂದ ಬೀದಿಯಲ್ಲಿ ದಿನಕ್ಕೆ ಅಷ್ಟು ಟ್ಯಾಂಕರುಗಳು ತಿರುಗುವುದಿಲ್ಲ. ಆದರೆ ಕೊಳವೆ ಹೂಳಲು ಅಗೆದ ಕಾಲುವೆಗೆ ಸಡಿಲ ಮಣ್ಣು ತುಂಬಿ, ಧಮ್ಮಸ್ಸು ಮಾಡಿ ಗಟ್ಟಿಗೊಳಿಸದೆ ಮೇಲೆ ಡಾಂಬರು ಸವರಿದರೆ, ಉಳಿದ ಒಂದೆರಡು ಟ್ಯಾಂಕರುಗಳೇ ಸಾಕು, ಕಾಲುವೆಯುದ್ದಕ್ಕೂ ರಸ್ತೆ ಕೂರುತ್ತದೆ.